ಹಗುರ ಕೆಲಸವೆಂದು ತೂಗಿದವರು ಯಾರು?



ಶಾಲೆ ತೆರೆಯುವ ದಿನಗಳಲ್ಲಿ ಪಾಡಿಯ ಮಕ್ಕಳ ಫಾರಂ ತುಂಬಿಕೊಡುವ ಕೆಲಸ ಪ್ರತಿ ವರ್ಷವೂ ನಮ್ಮ ಪಾಲಿಗೆ ಬರುತ್ತದೆ. ಈ ಸಲ ಒಬ್ಬಳು ಹುಡುಗಿ ತಾಯಿಯೊಡನೆ ಬಂದಿದ್ದಳು. ತಂದೆಯ ಉದ್ಯೋಗವೇನಮ್ಮ ಎಂದು ಕೇಳಿದೆವು. "ಫ್ಯಾಕ್ಟರೀಲಿ ಮಿಷನ್ ಕೆಲ್ಸ" ಎಂದು ಥಟ್ಟನೆ ಹೇಳಿದಳು. ತಾಯಿಯ ಉದ್ಯೋಗ? ಹುಡುಗಿ ಅವ್ವನ ಮುಖ ನೋಡಿದಳು. "ಅವ್ವ ಸುಮ್ನೆ ಸೊಪ್ಪಿಗೆ ಹೋಯ್ತಾಳೆ" ಎಂದಳು. ತಾಯಿಯೂ ತಲೆಯಾಡಿಸಿ, "ಅಂಗೇ ಬರ್ಕೊಳಿ ಅಣ್ಣ, ಕೂಲಿ ಅಂತ" ಎಂದರು.

ಇಪ್ಪತ್ತಾರು ವರ್ಷ ಚಹಾ ಗಿಡದ ಸಾಲಿನಲ್ಲಿ ನಿಂತ ಹೆಂಗಸು ಅವರು. ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸಿ, ನಲ್ಲಿಯ ಮುಂದೆ ಕೊಡವಿಟ್ಟು, ಗಂಡನಿಗೂ ಮಕ್ಕಳಿಗೂ ಬುತ್ತಿ ಕಟ್ಟಿ, ಹಾಜರಿ ಕರೆಯುವ ಹೊತ್ತಿಗೆ ಗುಡ್ಡ ಹತ್ತಿ ನಿಲ್ಲುವವರು. ಆದರೂ ಅವರ ಮಗಳ ಬಾಯಲ್ಲಿ ಅದು ‘ಸುಮ್ನೆ’. ಹುಡುಗಿಯ ಮೇಲೆ ನಮಗೆ ಕೋಪವಿಲ್ಲ. ಆ ಮಾತು ಅವಳದಲ್ಲ. ತೋಟದ ಆಫೀಸಿನಿಂದ, ಪಾಡಿಯ ಜಗಲಿಯಿಂದ, ಯೂನಿಯನ್ ವೇದಿಕೆಯಿಂದ, ನಮ್ಮ ಪ್ರಾರ್ಥನಾ ಮಂದಿರದಿಂದಲೂ ಹೊರಟು ಅವಳ ಕಿವಿಗೆ ಬಿದ್ದ ಮಾತು ಅದು. ಅದರ ವಿಚಾರವಾಗಿಯೇ ಈ ತಿಂಗಳು ಬರೆಯಬೇಕೆನಿಸಿತು.

ಸೊಪ್ಪು ಕೊಯ್ಯುವುದೆಂದರೆ ಏನೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾದ್ದಿಲ್ಲ. ಆದರೂ ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ. ಬರೆದಿಡದ ಕೆಲಸಕ್ಕೆ ಬೆಲೆ ಕಟ್ಟುವವರಿಲ್ಲ. ಎರಡು ಎಲೆ ಒಂದು ಮೊಗ್ಗು ಎಂದು ಪಟ್ಟಣದ ಜನ ಪದ್ಯದ ಹಾಗೆ ಹೇಳುತ್ತಾರೆ. ಗಿಡದ ಮುಂದೆ ನಿಂತವಳಿಗೆ ಅದು ಅಷ್ಟು ಸಲೀಸಲ್ಲ. ಯಾವ ಕುಡಿ ಬೆಳೆದಿದೆ, ಯಾವುದನ್ನು ಇನ್ನೊಂದು ವಾರ ಬಿಡಬೇಕು, ಯಾವುದು ಬಂಜಿ ಬಿದ್ದಿದೆ, ಎಲ್ಲಿ ಕೈ ಹಾಕಿದರೆ ಮುಂದಿನ ಚಿಗುರು ಕೆಡುತ್ತದೆ, ಇದೆಲ್ಲ ಕಣ್ಣು ಹಾಯುವಷ್ಟರಲ್ಲಿ ತೀರ್ಮಾನವಾಗಬೇಕು. ಗಿಡದ ನೆತ್ತಿ ಮೇಜಿನ ಹಾಗೆ ಸಮನಾಗಿ ಉಳಿಯಬೇಕು. ಬಲಿತ ಎಲೆ ಹೆಚ್ಚಾದರೆ ಫ್ಯಾಕ್ಟರಿಯಲ್ಲಿ ಚಹಾದ ದರ್ಜೆ ಇಳಿಯುತ್ತದೆ. ಸುಮಾರು ನಾಲ್ಕೂವರೆ ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಚಹಾಪುಡಿ. ಆ ಪುಡಿ ಏಲಂನಲ್ಲಿ ಯಾವ ಬೆಲೆಗೆ ಹೋಗುವುದೆಂಬುದರ ಮೊದಲ ತೀರ್ಪು ಕೊಯ್ಯುವವಳ ಬೆರಳಿನಲ್ಲಿ ಆಗಿಹೋಗಿರುತ್ತದೆ. ಈಗ ಬಹಳ ಕಡೆ ಕೈಗೆ ಕತ್ತರಿ ಬಂದಿದೆ. ಕತ್ತರಿಯಿಂದ ತೂಕ ಹೆಚ್ಚು ಬರುತ್ತದೆ. ಭುಜದ ನೋವೂ ಅಷ್ಟೇ ಹೆಚ್ಚು.

ಇದರ ಮೇಲೆ ಮಳೆ. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ, ಕಾಲಿಗೆ ಜಿಗಣೆ, ಬೆನ್ನಿಗೆ ಚೀಲ. ಒದ್ದೆ ಸೊಪ್ಪಿನ ಚೀಲವನ್ನು ಹೊತ್ತು ಇಳಿಜಾರಿನಲ್ಲಿ ತೂಕದ ಕೊಟ್ಟಿಗೆಗೆ ಬಂದರೆ, ಅಲ್ಲಿ ನೀರಿಗಿಷ್ಟು ಚೀಲಕ್ಕಿಷ್ಟು ಎಂದು ಕಳೆಯುತ್ತಾರೆ. ಹೊತ್ತವಳ ಬೆನ್ನು ಮಾತ್ರ ನೀರನ್ನೂ ಚೀಲವನ್ನೂ ಸೇರಿಸಿಯೇ ಹೊತ್ತಿರುತ್ತದೆ. ಕವಾತು ಮಾಡುವುದು, ಔಷಧಿ ಹೊಡೆಯುವುದು ಗಂಡಸರ ಕೆಲಸ. ಅದೂ ಕಷ್ಟದ್ದೇ, ಅಪಾಯದ್ದೂ ಹೌದು. ಅದನ್ನು ಕೀಳುಮಾಡಲು ನಾವು ಬರೆಯುತ್ತಿಲ್ಲ. ಆದರೆ ಅದು ಬಹಳ ಕಡೆ ಇಷ್ಟು ಗಿಡ, ಇಷ್ಟು ಟ್ಯಾಂಕು ಎಂಬ ಲೆಕ್ಕದ ಕೆಲಸ. ಲೆಕ್ಕ ಮುಗಿದರೆ ಮಧ್ಯಾಹ್ನಕ್ಕೇ ಮನೆಗೆ ಬರಬಹುದು. ಸೊಪ್ಪಿನವರು ಸಂಜೆ ತೂಕ ಮುಗಿಯುವವರೆಗೆ ಗುಡ್ಡದಲ್ಲೇ. ಹೀಗಿದ್ದೂ ತೋಟದ ಮಾತಿನಲ್ಲಿ ಮೊದಲನೆಯದು ‘ಭಾರಿ ಕೆಲಸ’, ಎರಡನೆಯದು ‘ಹಗುರ ಕೆಲಸ’. ಯಾವ ತಕ್ಕಡಿಯಲ್ಲಿ ತೂಗಿ ಹಾಗೆ ಹೇಳಿದರು? ಚೀಲವನ್ನು ತೂಗುವ ತಕ್ಕಡಿ ನಮಗೆ ಗೊತ್ತು. ಕೆಲಸವನ್ನು ತೂಗಿದ ತಕ್ಕಡಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಇಲ್ಲಿ ಒಬ್ಬರು ತಡೆದು ಕೇಳಬಹುದು: ಈಗ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿಯಲ್ಲವೇ? ಹೌದು. ಹಿಂದೆ ಹಾಗಿರಲಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಒಂದು ದರ, ಮಕ್ಕಳಿಗೆ ಮತ್ತೊಂದು ದರ ಎಂದು ಬಹಿರಂಗವಾಗಿಯೇ ಇತ್ತು. 1976ರ ಸಮಾನ ವೇತನ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಅದರ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಎರಡರಲ್ಲೂ ಇರುವ ಮಾತು ಒಂದೇ: ಒಂದೇ ಬಗೆಯ ಕೆಲಸಕ್ಕೆ, ಅಥವಾ ಅದನ್ನು ಹೋಲುವ ಕೆಲಸಕ್ಕೆ, ಗಂಡಿಗೂ ಹೆಣ್ಣಿಗೂ ಒಂದೇ ವೇತನ.

ಒಳ್ಳೆಯ ಕಾಯಿದೆಯೇ. ಆದರೆ ಅದು ನಿಲ್ಲಬೇಕಾದರೆ ಪಕ್ಕದಲ್ಲಿ ಅದೇ ಕೆಲಸ ಮಾಡುವ ಒಬ್ಬ ಗಂಡಸು ಬೇಕು. ಸಾಲು ಸಾಲಾಗಿ ಹೆಂಗಸರೇ ನಿಂತಿರುವ ಕಡೆ ಯಾರ ಪಕ್ಕಕ್ಕೆ ಯಾರನ್ನು ಇಟ್ಟು ಹೋಲಿಸುವುದು? ಮಕ್ಕಳ ಮನೆಯ ಆಯಾಳನ್ನು ಯಾವ ಗಂಡಸಿನ ಜತೆ ಹೋಲಿಸುವುದು? ಹೆಣ್ಣಿಗೆ ಕಡಿಮೆ ಕೊಡಬೇಡ ಎಂದು ಕಾಯಿದೆ ಹೇಳಿತು. ‘ಹೆಣ್ಣಿನ ಕೆಲಸ’ವೆಂದು ಹೆಸರಾದುದಕ್ಕೆ ಮೊದಲಿನಿಂದಲೇ ಕಡಿಮೆ ಬೆಲೆ ಕಟ್ಟಿದ್ದರೆ ಏನು ಮಾಡಬೇಕೆಂಬುದನ್ನು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ 100ನೆಯ ಒಪ್ಪಂದ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ‘ಸಮಾನ ಕೆಲಸ’ ಎನ್ನುವುದಿಲ್ಲ, ‘ಸಮಾನ ಮೌಲ್ಯದ ಕೆಲಸ’ ಎನ್ನುತ್ತದೆ. ಕೆಲಸ ಬೇರೆಯಾದರೂ ಅದಕ್ಕೆ ಬೇಕಾದ ಕುಶಲತೆ, ಶ್ರಮ, ಹೊಣೆ ಸಮನಾದರೆ ಕೂಲಿಯೂ ಸಮನಾಗಬೇಕು. ನಮ್ಮ ದೇಶ 1958ರಲ್ಲೇ ಅದಕ್ಕೆ ಸಹಿ ಹಾಕಿತು. ಆ ಒಂದು ಪದ ಸಹಿಯಲ್ಲೇ ಉಳಿದುಹೋಗಿದೆ.

ಹೆಸರು ಬದಲಿಸಿ ಬೆಲೆ ಇಳಿಸುವ ಉಪಾಯ ತೋಟದವರು ಕಂಡುಹಿಡಿದದ್ದಲ್ಲ. ಮ್ಯಾಕಿನಾನ್ ಮೆಕೆಂಜಿ ಎಂಬ ಹಡಗು ಕಂಪೆನಿಯಲ್ಲಿ ಮಹಿಳಾ ಸ್ಟೆನೋಗಳಿಗೆ ಪುರುಷ ಸ್ಟೆನೋಗಳಿಗಿಂತ ಕಡಿಮೆ ಸಂಬಳವಿತ್ತು. ಇವರು ಬೇರೆಯೇ ವರ್ಗದವರು, ಸಾಹೇಬರ ಖಾಸಗಿ ಸ್ಟೆನೋಗಳು ಎಂದು ಕಂಪೆನಿ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಹಣವಿಲ್ಲವೆಂಬ ನೆಪವೂ ಕಾಯಿದೆಯ ಮುಂದೆ ನಡೆಯದು ಎಂದಿತು. ಅಲ್ಲಿ ಹೋಲಿಸಲು ಗಂಡಸು ಸ್ಟೆನೋ ಇದ್ದರು, ಅದರಿಂದ ಗೆದ್ದರು.

ಕಡಲಾಚೆಯ ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ಇಂಗ್ಲೆಂಡಿನ ಡ್ಯಾಗನಂ ಎಂಬಲ್ಲಿ ಫೋರ್ಡ್ ಕಾರಿನ ಕಾರ್ಖಾನೆ. ಕಾರಿನ ಸೀಟಿಗೆ ಹೊದಿಕೆ ಹೊಲಿಯುವವರು 187 ಮಂದಿ ಹೆಂಗಸರು. ಅವರನ್ನು ಕುಶಲತೆ ಬೇಡದ ದರ್ಜೆಗೆ ಹಾಕಿದ್ದರು. ಆ ಕೆಳದರ್ಜೆಯಲ್ಲೂ ಗಂಡಸಿಗೆ ಸಿಗುವುದರ ನೂರಕ್ಕೆ 85 ಪಾಲು ಅವರಿಗೆ. ಹೊಲಿಗೆ ಹೆಂಗಸರಿಗೆ ಹುಟ್ಟಿನಿಂದ ಬರುವ ವಿದ್ಯೆಯಲ್ಲವೇ, ಅದೇನು ಕುಶಲತೆ ಎಂಬ ಎಣಿಕೆ. 1968ರ ಜೂನ್‌ನಲ್ಲಿ ಅವರು ಯಂತ್ರ ಬಿಟ್ಟು ಎದ್ದರು. ಮೂರು ವಾರದಲ್ಲಿ ಕಾರುಗಳು ಸೀಟಿಲ್ಲದೆ ನಿಂತವು. ಮಂತ್ರಿಣಿ ಬಾರ್ಬರಾ ಕ್ಯಾಸಲ್ ಮಧ್ಯೆ ಬಂದು ಪಾಲನ್ನು 92ಕ್ಕೆ ಏರಿಸಿದರು. 1970ರಲ್ಲಿ ಆ ದೇಶಕ್ಕೆ ಸಮಾನ ವೇತನದ ಕಾಯಿದೆಯೂ ಬಂತು. ಎಲ್ಲರೂ ಹೊಗಳಿದರು. ಆದರೆ ಆ ಹೆಂಗಸರು ಎದ್ದುದು ಹಣಕ್ಕಿಂತ ಮೊದಲು ದರ್ಜೆಗಾಗಿ, ನಮ್ಮದೂ ಕಲಿತ ಕೈ ಎಂದು ಬರೆಯಿರಿ ಎಂಬುದಕ್ಕಾಗಿ. ಅದು ಸಿಕ್ಕಿದ್ದು 1984ರಲ್ಲಿ, ಇನ್ನೊಮ್ಮೆ ಮುಷ್ಕರ ಹೂಡಿದ ಮೇಲೆ. ಹಣ ಬರಲು ಮೂರು ವಾರ, ಮರ್ಯಾದೆ ಬರಲು ಹದಿನಾರು ವರ್ಷ.

ಇದೇ ತೆರನಾಗಿ ಅಮೆರಿಕದ ಜನಗಣತಿಯ 1950ರಿಂದ 2000ದವರೆಗಿನ ಲೆಕ್ಕವನ್ನು ಹಿಡಿದು ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದು ಉದ್ಯೋಗಕ್ಕೆ ಹೆಂಗಸರು ಹೆಚ್ಚಾಗಿ ಬರತೊಡಗಿದರೆ, ಅದೇ ಕೆಲಸ, ಅದೇ ಓದು ಇದ್ದರೂ ಅದರ ಸಂಬಳ ಇಳಿಯುತ್ತದೆಂದು ಅದು ಕಂಡಿತು. ನಮ್ಮ ತೋಟಗಳಲ್ಲಿ ನಾವು ಇದರ ಇನ್ನೊಂದು ಮಗ್ಗುಲನ್ನು ನೋಡುತ್ತಿದ್ದೇವೆ. ಸೊಪ್ಪು ಕೊಯ್ಯುವ ಯಂತ್ರ ಬಂದ ಹಲವು ಕಡೆ ಅದು ಗಂಡಸರ ಕೈಗೆ ಹೋಗಿದೆ, ಹೋದೊಡನೆ ಅದೇ ಸೊಪ್ಪಿನ ಕೆಲಸಕ್ಕೆ ‘ಆಪರೇಟರ್’ ಎಂಬ ಹೆಸರೂ ಬಂದಿದೆ.

ಗಂಡಸರಾದ ನಮ್ಮ ಸಹೋದರರು ಇದು ಹೆಂಗಸರ ಗೋಳು ಎಂದು ಪುಟ ತಿರುಗಿಸಬಾರದು. 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ 15ನೆಯ ಅಧಿವೇಶನವು ಕನಿಷ್ಠ ಕೂಲಿಗೆ ಒಂದು ಅಳತೆ ಹಾಕಿಕೊಟ್ಟಿತು. ಒಬ್ಬ ದುಡಿಯುವವನ ಕೂಲಿಯಲ್ಲಿ ಮೂರು ಪಾಲು ಉಣ್ಣುವಂತಿರಬೇಕು. ಹೆಂಡತಿ ಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಚಹಾ ತೋಟದ ಮಾಲೀಕರು ಏನೆಂದು ವಾದಿಸಿದರು ಗೊತ್ತೇ? ತೋಟದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಆದ್ದರಿಂದ ಒಬ್ಬರಿಗೆ ಮೂರು ಪಾಲು ಬೇಡ, ಒಂದೂವರೆ ಸಾಕು! ಹೆಂಡತಿಯ ಬೆವರನ್ನು ತೋರಿಸಿ ಗಂಡನ ಅನ್ನವನ್ನೂ ಕತ್ತರಿಸಿದ ಲೆಕ್ಕ ಇದು. ಗಂಡಸಿನ ಕೂಲಿ ನಿಂತಿರುವುದು ಹೆಂಗಸಿನ ಕೂಲಿಯ ನೆತ್ತಿಯ ಮೇಲೆ. ಕೆಳಗಿನದು ತಗ್ಗಿದ್ದರೆ ಮೇಲಿನದು ಎಷ್ಟು ಎತ್ತರಕ್ಕೆ ನಿಂತೀತು?

2015ರ ಸೆಪ್ಟೆಂಬರ್‌ನಲ್ಲಿ ಮುನ್ನಾರಿನಲ್ಲಿ ನಡೆದುದನ್ನು ಹಿರಿಯರು ಮರೆತಿರಲಾರರು. ಬೋನಸ್ಸನ್ನು ನೂರಕ್ಕೆ 10ಕ್ಕೆ ಇಳಿಸಿದ್ದಾರೆಂದು ತಿಳಿದು ಸೊಪ್ಪಿನ ಹೆಂಗಸರು ತಾವಾಗಿಯೇ ರಸ್ತೆಗೆ ಇಳಿದರು. ಸಾವಿರಾರು ಮಂದಿ, ಹೆಚ್ಚಿನವರು ತಮಿಳು ಮಾತಾಡುವ ದಲಿತ ಕುಟುಂಬದವರು. ಪೆಂಬಿಳೈ ಒರುಮೈ, ಅಂದರೆ ಹೆಂಗಸರ ಒಗ್ಗಟ್ಟು, ಎಂದು ಹೆಸರಿಟ್ಟುಕೊಂಡರು. ಕೊಚ್ಚಿ ಧನುಷ್ಕೋಡಿ ಹೆದ್ದಾರಿಯಲ್ಲಿ ಒಂಬತ್ತು ದಿನ ಕೂತರು. ಯಾವ ಪಕ್ಷದ ಯೂನಿಯನ್ ಮುಖಂಡರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಮ್ಮ ಚಂದಾದಲ್ಲಿ ಬೆಳೆದು ನಮ್ಮನ್ನೇ ಮರೆತವರು ಎಂಬುದು ಅವರ ಸಿಟ್ಟು. ಕೊನೆಗೆ ಮುಖ್ಯಮಂತ್ರಿಯ ಸಮ್ಮುಖದಲ್ಲಿ ನೂರಕ್ಕೆ 20 ಸಿಕ್ಕಿತು. ದಿನಕ್ಕೆ 232 ರೂಪಾಯಿ ಇದ್ದ ಕೂಲಿಯನ್ನು 500 ಮಾಡಿರೆಂಬ ಬೇಡಿಕೆ ಮಾತ್ರ ಪೂರ್ತಿ ಈಡೇರಲಿಲ್ಲ. ಅಕ್ಟೋಬರ್ 14ರ ಮಾತುಕತೆಯಲ್ಲಿ ಚಹಾಕ್ಕೆ 301, ಏಲಕ್ಕಿಗೆ 330, ರಬ್ಬರಿಗೆ 381 ಎಂದು ಗೊತ್ತಾಯಿತು.

ಈ ಮೂರು ಅಂಕಿಗಳನ್ನು ನಾವು ಬಹಳ ಹೊತ್ತು ನೋಡುತ್ತಾ ಕೂತಿದ್ದೆವು. ಒಂದೊಂದು ಬೆಳೆಯ ಮಾರುಕಟ್ಟೆ ಒಂದೊಂದು ರೀತಿ, ಲೆಕ್ಕಾಚಾರವೂ ಬೇರೆ, ಒಪ್ಪುತ್ತೇವೆ. ಚಹಾ ಏಲಂನ ಬೆಲೆ ಏರದೆ ಮಾಲೀಕರಿಗೂ ತೊಂದರೆಯಿದೆ ಎಂಬುದು ಬರಿಯ ಸುಳ್ಳಲ್ಲ. ಆದರೂ ಮೂರರಲ್ಲಿ ಅತಿ ಕಡಿಮೆ ಬೆಲೆ, ಅತಿ ಹೆಚ್ಚು ಹೆಂಗಸರು ಸಾಲುಗಟ್ಟಿ ನಿಲ್ಲುವ ಗಿಡಕ್ಕೇ ಬಿದ್ದದ್ದು ಕಣ್ಣಿಗೆ ಹೊಡೆಯುತ್ತದೆ.

ಅವರಿಗೆ ಸಿಕ್ಕ ಮರ್ಯಾದೆಯ ಸುದ್ದಿಯನ್ನೂ ಹೇಳಿಬಿಡೋಣ. 2017ರ ಏಪ್ರಿಲ್‌ನಲ್ಲಿ ರಾಜ್ಯದ ಮಂತ್ರಿಯೊಬ್ಬರು ಆ ಮುಷ್ಕರದ ಹೆಂಗಸರ ನಡತೆಯ ಬಗ್ಗೆ ಆಡಬಾರದ ಮಾತನ್ನು ಬಹಿರಂಗ ಸಭೆಯಲ್ಲಿ ಆಡಿದರು. ಹೆಂಗಸರು ಮತ್ತೆ ಮುನ್ನಾರಿನ ರಸ್ತೆಯಲ್ಲಿ ಕೂತರು. ಗಂಡಸರು ಮುಷ್ಕರ ಹೂಡಿದರೆ ಅವರ ಬೇಡಿಕೆಯನ್ನು ಬೈಯುತ್ತಾರೆ. ಹೆಂಗಸರು ಹೂಡಿದರೆ ಅವರ ನಡತೆಯನ್ನು.

ಈಗ ನಮ್ಮ ಹೆಣ್ಣುಮಕ್ಕಳ ಮಾತಿಗೆ ಬರುತ್ತೇವೆ. ಗೂಡಲೂರು, ಪಂದಲೂರು ಕಡೆಯಲ್ಲೂ, ಗಡಿಯಾಚೆಯ ಮೇಪ್ಪಾಡಿ ಕಡೆಯಲ್ಲೂ ಪಾಡಿಯ ತಾಯಂದಿರಿಗೆ ಒಂದೇ ಆಸೆ: ಮಗಳು ಬುಟ್ಟಿ ಹೊರಬಾರದು. ಹೊಟ್ಟೆ ಬಟ್ಟೆ ಕಟ್ಟಿ ಓದಿಸುತ್ತಾರೆ. ಓದಿದ ಮಗಳು ಎಲ್ಲಿಗೆ ಹೋಗುತ್ತಾಳೆ? ಬಹಳ ಮಟ್ಟಿಗೆ ನರ್ಸ್ ಆಗುತ್ತಾಳೆ, ಅಂಗನವಾಡಿಗೆ ಹೋಗುತ್ತಾಳೆ, ಆಶಾ ಕಾರ್ಯಕರ್ತೆಯಾಗುತ್ತಾಳೆ, ಚಿಕ್ಕ ಖಾಸಗಿ ಶಾಲೆಯಲ್ಲಿ ಟೀಚರಮ್ಮ ಆಗುತ್ತಾಳೆ. ಗುಡ್ಡದಿಂದ ಇಳಿದಳು, ನೆರಳಿಗೆ ಬಂದಳು, ಸಂತೋಷ. ಆದರೆ ತಾಯಿಯನ್ನು ತೂಗಿದ ತಕ್ಕಡಿ ಮಗಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ತಾಯಿಯದು ‘ಹಗುರ ಕೆಲಸ’, ಮಗಳದು ‘ಸೇವೆ’.

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಂದಿನಿಂದಲೂ ಅಲ್ಲಿಯ ಕಾರ್ಯಕರ್ತೆಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ನಮ್ಮ ಭಾಷೆಯಲ್ಲಿ ಇಷ್ಟು ಚೆಂದದ ಮಾತು ಇನ್ನೊಂದಿಲ್ಲ. ಇಷ್ಟು ಮೋಸದ್ದೂ ಇಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಈ ಗೌರವವನ್ನು ತಿಂಗಳಿಗೆ 3,000ದಿಂದ 4,500 ರೂಪಾಯಿಗೆ ಏರಿಸಿತು. ಸಹಾಯಕಿಯ ಗೌರವ 1,500ರಿಂದ 2,250ಕ್ಕೆ ಏರಿತು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಮಗುವಿನ ತೂಕ, ಬಸುರಿಯ ಆಹಾರ, ಚುಚ್ಚುಮದ್ದಿನ ದಿನ, ಜನಗಳ ಲೆಕ್ಕ, ಎಲ್ಲಕ್ಕೂ ಅವಳೇ ಬೇಕು. ಆದರೂ ಅವಳು ಸರಕಾರಿ ನೌಕರಳಲ್ಲ, ಸ್ವಯಂಸೇವಕಿ! 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಇದರ ಒಂದು ಗಂಟನ್ನು ಬಿಚ್ಚಿತು. ಹೆಸರು ಗೌರವಧನವೆಂದಿದ್ದರೂ ಅದು ವೇತನವೇ, ಅಂಗನವಾಡಿಯವರಿಗೆ 1972ರ ಕಾಯಿದೆಯಂತೆ ಗ್ರಾಚ್ಯುಯಿಟಿ ಸಲ್ಲಬೇಕು ಎಂದು ತೀರ್ಪಿತ್ತಿತು. ನಲವತ್ತಾರು ವರ್ಷ ಬೇಕಾಯಿತು ಅದು ಕೂಲಿ ಎಂದು ಒಪ್ಪಲು.

ಆಶಾ ಕಾರ್ಯಕರ್ತೆಯರ ಕತೆ ಇನ್ನೂ ವಿಚಿತ್ರ. 2022ರ ಮೇ 22ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಅಕ್ಷರ. ಮೂರು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿ 10ರಿಂದ, ಕೇರಳದ ಆಶಾ ಕಾರ್ಯಕರ್ತೆಯರು ತಿರುವನಂತಪುರದ ಸಚಿವಾಲಯದ ಮುಂದೆ ಬೀದಿಯಲ್ಲಿ ಮಲಗಬೇಕಾಯಿತು. ಆಗ ಗೌರವಧನ 7,000 ರೂಪಾಯಿ, ಅವರು ಕೇಳಿದ್ದು 21,000. ಬಿಸಿಲಲ್ಲಿ ಕೂತರು, ಮಳೆಯಲ್ಲಿ ಕೂತರು, ಒಂದು ದಿನ ತಲೆಕೂದಲನ್ನೇ ಕತ್ತರಿಸಿಕೊಂಡರು. ಎಂಟು ತಿಂಗಳಿಗೂ ಮಿಕ್ಕಿ ನಡೆದ ಮೇಲೆ ಸರಕಾರ ಸಾವಿರ ರೂಪಾಯಿ ಏರಿಸಿತು. ಪ್ರಶಸ್ತಿ ಕೇಳದೆ ಬಂತು. ಸಾವಿರ ರೂಪಾಯಿಗೆ ಕೂದಲು ಕೊಡಬೇಕಾಯಿತು.

ನರ್ಸುಗಳಿಗೆ ದಾರಿ ಸ್ವಲ್ಪ ತೆರೆದಿದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಕೇರಳದ ನರ್ಸುಗಳು ಹೋರಾಡಿ, 2018ರ ಏಪ್ರಿಲ್‌ನಲ್ಲಿ ತಮ್ಮ ರಾಜ್ಯದಲ್ಲಿ ಅದನ್ನು ಕಟ್ಟಳೆ ಮಾಡಿಸಿಕೊಂಡರು. ಹಣದ ಮಾತು ಹೀಗಾದರೆ, ಮರ್ಯಾದೆಯ ಮಾತು ನಮ್ಮ ಮನೆಯೊಳಗಿನದು. ನಮ್ಮ ಫೆಲೋಶಿಪ್ಪಿನ ಒಂದು ಮನೆಯಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿ ನರ್ಸ್ ಎಂದು ತಿಳಿದು, "ರಾತ್ರಿ ಡ್ಯೂಟಿ ಇರ್ತದಲ್ಲ" ಎಂದು ಕಾಫಿ ಲೋಟ ಕೆಳಗಿಟ್ಟು ಎದ್ದರು. ಹೀಗೆ ಎದ್ದವರ ತಾಯಿಗೆ ಅಪೆಂಡಿಸಿನ ಆಪರೇಷನ್ ಆದಾಗ ಎರಡು ರಾತ್ರಿ ಕೂತು ಡ್ರಿಪ್ ಬದಲಿಸಿದವಳೂ ಒಬ್ಬ ನರ್ಸೇ. ಅದು ರಾತ್ರಿ ಡ್ಯೂಟಿಯೇ ಆಗಿತ್ತು.

ಸೇವೆ ಎಂಬ ಮಾತಿನ ಬಗ್ಗೆ ನಾವು, ಸಭೆಯವರು, ವಿಶೇಷವಾಗಿ ತಲೆ ತಗ್ಗಿಸಬೇಕು. ನರ್ಸನ್ನು ‘ಸಿಸ್ಟರ್’ ಎಂದು ಕರೆಯುವ ರೂಢಿ ನಮ್ಮ ಕಡೆಯಿಂದಲೇ ಬಂದದ್ದು. ಆಸ್ಪತ್ರೆ, ಶಾಲೆ, ಅನಾಥಾಲಯ ಕಟ್ಟಿದವರು ಸೇವೆಯೆಂದೇ ಕಟ್ಟಿದರು. ಆ ಹಿರಿಯರ ತ್ಯಾಗವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ತಾನಾಗಿ ಆರಿಸಿಕೊಂಡ ತ್ಯಾಗ ಬೇರೆ, ಮೂರು ಮಕ್ಕಳ ತಾಯಿಯ ಮೇಲೆ ಹೊರಿಸಿದ ತ್ಯಾಗ ಬೇರೆ. ಸೇವೆಯೆಂದು ಡಾಕ್ಟರಿಗೂ ಹೇಳುತ್ತೇವೆ. ಅವರ ಫೀಸಿನಲ್ಲಿ ಅದನ್ನು ಕಳೆಯುವುದಿಲ್ಲ. ನಮ್ಮ ಸಭಾಮಂದಿರವನ್ನು ಗುಡಿಸುವ ಅಕ್ಕನಿಗೆ ಹಬ್ಬಕ್ಕೊಂದು ಸೀರೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆವು. ದೀಪ ಸರಿಮಾಡಲು ಬರುವ ತಮ್ಮನಿಗೆ ಕೇಳಿದಷ್ಟು ಕೊಡುತ್ತಿದ್ದೆವು. ಹೋದ ವರ್ಷ ಇದನ್ನು ಒಬ್ಬ ಸಹೋದರಿ ಎದ್ದು ಕೇಳಿದಾಗ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಈಗ ಅಕ್ಕನಿಗೆ ತಿಂಗಳ ಸಂಬಳ ಗೊತ್ತುಮಾಡಿದೆ. ಅದೂ ಸಾಲದೆಂದು ನಮಗೆ ಗೊತ್ತು.

ತೋಟದ ಮಕ್ಕಳ ಮನೆಯ ಆಯಾ ಇನ್ನೂ ಕೆಳಗೆ. 50 ಮಂದಿ ಹೆಣ್ಣಾಳು ಇರುವ ತೋಟದಲ್ಲಿ ಮಕ್ಕಳ ಮನೆ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತ್ತು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಮಕ್ಕಳ ಮನೆಯ ಮಾತಿದೆ. ಆದರೆ ಗುಡ್ಡದಲ್ಲಿ ಕಾಲು ಸೋತ ಹೆಂಗಸನ್ನು ಅಲ್ಲಿಗೆ ಹಾಕುವುದು ಹಲವು ಕಡೆಯ ರೂಢಿ. ಮಗುವನ್ನು ನೋಡಿಕೊಳ್ಳಲು ಯಾರಾದರೇನು ಎಂಬ ಧೋರಣೆ. ಜನರೇಟರ್ ನೋಡಿಕೊಳ್ಳಲು ಹಾಗೆ ಯಾರನ್ನಾದರೂ ಹಾಕುತ್ತಾರೆಯೇ?

ಹಾಗಾದರೆ ಏನು ಮಾಡಬೇಕು? ನಮ್ಮ ಕೈಯಲ್ಲಿರುವುದು ಕೆಲವೇ. ಎಲ್ಲಕ್ಕಿಂತ ಮೊದಲು ಯೂನಿಯನ್ ವೇದಿಕೆ. ಚಂದಾ ಕೊಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಕೂಲಿ ಮಾತುಕತೆಯ ಮೇಜಿನ ಸುತ್ತ ಗಂಡಸರೇ. ಸೊಪ್ಪಿನ ದರ ಮಾತಾಡಲು ಹೋದವರಿಗೆ ಒಂದು ದಿನವಾದರೂ ಸೊಪ್ಪು ಕೊಯ್ದ ಅನುಭವವಿಲ್ಲದಿದ್ದರೆ, ಮ್ಯಾನೇಜರು ‘ಹಗುರ ಕೆಲಸ’ ಎಂದಾಗ ಯಾವ ಬಾಯಲ್ಲಿ ಅಲ್ಲವೆನ್ನುತ್ತಾರೆ? ಮುಂದಿನ ಮಾತುಕತೆಗೆ ಪ್ರತಿ ಡಿವಿಜನ್ನಿನಿಂದ ಸೊಪ್ಪಿನ ಸಾಲಿನ ಒಬ್ಬ ಹೆಂಗಸಾದರೂ ಹೋಗಬೇಕು. ಬಾಗಿಲ ಬಳಿ ಕೂರಲು ಅಲ್ಲ, ಮಾತಾಡಲು. ಹೋದ ದಿನದ ಹಾಜರಿ ಅವರಿಗೆ ಕಳೆಯದಂತೆ ಯೂನಿಯನ್ ನೋಡಿಕೊಳ್ಳಬೇಕು. ಇದಕ್ಕೆ ಒಪ್ಪದ ಮುಖಂಡರು ನಮ್ಮ ನಡುವೆಯೂ ಇದ್ದಾರೆ. ಹೆಂಗಸರಿಗೆ ಮನೆಯಲ್ಲಿ ಕೆಲಸವಿರುತ್ತದೆ, ರಾತ್ರಿ ಸಭೆಗೆ ಬರಲಾಗದು ಎಂಬುದು ಅವರ ವಾದ. ಸಭೆಯನ್ನು ಹಗಲು ಇಡಿ, ಅಥವಾ ಆ ರಾತ್ರಿ ಒಲೆಯ ಮುಂದೆ ನೀವು ಕೂರಿ ಎಂಬುದು ನಮ್ಮ ಉತ್ತರ.

ಇನ್ನೊಂದು, ಕೆಲಸವನ್ನು ಬರೆದಿಡುವುದು. ಸೊಪ್ಪಿನ ಕೆಲಸ, ಮಕ್ಕಳ ಮನೆಯ ಕೆಲಸ, ಅಂಗನವಾಡಿಯ ಕೆಲಸ, ಇವುಗಳಲ್ಲಿ ಕಲಿಯಬೇಕಾದುದೇನು, ಹೊರುವ ಭಾರವೆಷ್ಟು, ತಪ್ಪಿದರೆ ಆಗುವ ನಷ್ಟವೇನು ಎಂದು ಮಾಡುವವರ ಬಾಯಿಂದಲೇ ಕೇಳಿ ಪಟ್ಟಿ ಮಾಡಬೇಕು. ಕವಾತಿನ ಪಕ್ಕದಲ್ಲಿ, ಔಷಧಿಯ ಪಕ್ಕದಲ್ಲಿ, ಫ್ಯಾಕ್ಟರಿ ಮಿಷನ್ನಿನ ಪಕ್ಕದಲ್ಲಿ ಆ ಪಟ್ಟಿ ಇಟ್ಟು ನೋಡಿದರೆ ತಕ್ಕಡಿ ಎತ್ತ ವಾಲುತ್ತದೆಂದು ತಿಳಿಯುತ್ತದೆ. ನಮ್ಮ ಪಾಡಿಯಲ್ಲಿ ಯುವಕ ಯುವತಿಯರು ಇದನ್ನು ಶುರು ಮಾಡಿದ್ದಾರೆ. ಐವತ್ತು ದಾಟಿದ ಒಬ್ಬ ತಾಯಿ ಬರೆಸಿದ್ದೇ ಎರಡೂವರೆ ಪುಟವಾಯಿತು. ಬರೆಸಿ ಮುಗಿಸಿ, "ಇಷ್ಟೆಲ್ಲಾ ನಾನಾ ಮಾಡ್ತೀನಿ?" ಎಂದು ನಕ್ಕರಂತೆ.

ಮತ್ತು ಬಾಯಿ. ಐವತ್ತು ವರ್ಷದ ಹೆಂಗಸನ್ನು ಇಪ್ಪತ್ತೈದರ ಮೇಲ್ವಿಚಾರಕ ‘ಏಯ್, ಬಾರೇ’ ಎನ್ನುವುದು ಈ ಗುಡ್ಡಗಳಲ್ಲಿ ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ಆ ಹುಡುಗ ನಮ್ಮ ಪಾಡಿಯ ಮಗನೇ ಆಗಿರುತ್ತಾನೆ, ಹಲವು ಸಲ. ಮನೆಯಲ್ಲಿ ಅಪ್ಪ ಅವ್ವನನ್ನು ಕರೆಯುವುದನ್ನು ಕೇಳಿಯೇ ಅವನು ಕಲಿತದ್ದು.

ಫಾರಂ ವಿಚಾರ ಹೇಳದೆ ಬಿಟ್ಟೆವು. ತಾಯಿಯ ಉದ್ಯೋಗದ ಜಾಗದಲ್ಲಿ ನಾವು ‘ಚಹಾ ಸೊಪ್ಪು ಕೊಯ್ಯುವ ಕುಶಲ ಕಾರ್ಮಿಕರು, 26 ವರ್ಷದ ಅನುಭವ’ ಎಂದು ಬರೆದೆವು. ಜಾಗ ಸಾಲದೆ ಅಕ್ಷರ ಅಂಚಿಗೆ ಹೋಯಿತು. ಶಾಲೆಯ ಗುಮಾಸ್ತರು ಅದನ್ನು ನೋಡಿ, ಇಷ್ಟುದ್ದ ಬೇಡವೆಂದು ಗೀಟು ಹೊಡೆದು ‘ಕೂಲಿ’ ಎಂದು ಬರೆದುಕೊಂಡರಂತೆ. ಹುಡುಗಿ ಸಂಜೆ ಬಂದು ಇದನ್ನು ನಮಗೆ ಹೇಳಿದಳು. ಅವಳ ತಂಗಿ ಮುಂದಿನ ವರ್ಷ ಆರನೆಯ ತರಗತಿಗೆ ಬರುತ್ತಾಳೆ, ಅವಳ ಫಾರಂ ತಾನೇ ತುಂಬುತ್ತಾಳಂತೆ.